ಮುದಿ ಆಕಳ ಕುಂಟಿಗೆ ಮರದ ತುಂಡು

ಏಳನೇ ಸೂಲಿನ ಜರ್ಸಿ ಮಿಶ್ರತಳಿ, ಹಿಂಗಾಲು ಕುಂಟು. ಶಿರಸಿಯ ಒಂದು ಮಳೆಗಾಲ ಪೂರ್ತಿ ಇಂಜೆಕ್ಷನ್ ಹೊಡೆಸಿ ಐದಾರು ಸಾವಿರ ನೀರಿಗೆ ಹಾಕಿದ್ದಾಯ್ತು. ಔಷಧ ಕೆಟ್ಟದ್ದಲ್ಲ, ರೋಗ ಬೇರೆ. ಗೊರಸಿನ ಸಂದು ಊದಿ, ಜ್ವರ ಬಂದು, ನಾತ ಹೊಡೆದರೆ ಅದು ಕೊಳೆ. ಅದಕ್ಕೆ ಇಂಜೆಕ್ಷನ್ ಸರಿ. ಇಲ್ಲಿ ಸಂದು ಚೊಕ್ಕ. ಹೊರಗೊರಸಿನ ಅಡಿಯಲ್ಲಿ, ಹಿಮ್ಮಡಿಗಿಂತ ತುಸು ಮುಂದೆ ಒತ್ತಿದರೆ ಮಾತ್ರ ಕಾಲು ಜಾಡಿಸುತ್ತಿತ್ತು. ಅಡಿಹುಣ್ಣು. ಭಾರ ಇಳಿಸದೆ ಅದು ಮಾಯುವುದಿಲ್ಲ.

ಕೆತ್ತುವುದು ಒಳಗೊರಸಿನಿಂದ ಶುರು. ಕೂದಲು ಮುಗಿದು ಗಟ್ಟಿ ಗೊರಸು ಶುರುವಾಗುವಲ್ಲಿಂದ ತುದಿವರೆಗೆ ಮೂರು ಇಂಚು ಉಳಿಸಬೇಕು. ದೊಡ್ಡ ಮೈಯ ಹಳೇ ಆಕಳಿಗೆ ಕಾಲಿಂಚು ಹೆಚ್ಚೇ ಇರಲಿ. ತುದಿಯ ಅಡಿ ಹೆಬ್ಬೆರಳಿಗೆ ಮೆತ್ತಗೆನಿಸಿದರೆ ಕತ್ತಿ ಕೆಳಗಿಡಿ. ಚೆಂದ ಕಾಣಲೆಂದು ಇನ್ನೊಂದು ಪದರ ತೆಗೆದಿರೋ, ಒಂದು ಕುಂಟು ಎರಡಾಗುತ್ತದೆ. ಒಳಗೊರಸಿನ ಹಿಮ್ಮಡಿ ಹಾಗೇ ಇರಲಿ. ಹೊರಗಿನದನ್ನು ತಗ್ಗಿಸಿ, ಹುಣ್ಣಿನ ಸುತ್ತ ಎದ್ದು ಬಿಟ್ಟ ಪದರವನ್ನೆಲ್ಲ ತೆಗೆಯಬೇಕು, ಮಾಂಸ ಬಿಟ್ಟು.

ಮರದ ತುಂಡು ಅಂಟಿಸುವುದು ನೋವಿಲ್ಲದ ಒಳಗೊರಸಿಗೆ; ಭಾರ ಅದರ ಮೇಲೆ ಬಿದ್ದು, ಹುಣ್ಣಿನ ಹೊರಗೊರಸು ನೆಲ ಬಿಟ್ಟು ಮೇಲೇಳುತ್ತದೆ. ಒಂದಿಂಚು ದಪ್ಪ, ಉದ್ದ ನಾಲ್ಕು-ನಾಲ್ಕೂವರೆ. "ಒಳ್ಳೇ ಗೊರಸಿಗೆ ಮೆಟ್ಟು ಹಾಕ್ತ್ರಲ್ಲ ಹೆಗಡೇರೆ" ಅಂತ ನಕ್ಕವರೇ ಈಗ ಅಳತೆ ಕೇಳುತ್ತಾರೆ. ಮೊದಲನೆಯದು ಸಾಗುವಾನಿ, ಎರಡೇ ದಿನಕ್ಕೆ ಬಿತ್ತು; ಆ ಮರದ ಎಣ್ಣೆಗೆ ಅಂಟು ಹಿಡಿಯುವುದಿಲ್ಲ. ಮತ್ತಿಮರದ್ದೂ ನಾಲ್ಕನೇ ದಿನ ಬಿತ್ತು, ಗೊರಸಿನ ತೇವಕ್ಕೆ. ಉಪ್ಪುಕಾಗದ ಉಜ್ಜಿ, ಸ್ಪಿರಿಟ್ ಒರೆಸಿ, ಹೇರ್ ಡ್ರೈಯರ್ ಹಿಡಿದ ಮೇಲೆ ಮೂರನೆಯದು ಐದು ವಾರ ನಿಂತಿತು. ತುಂಡಿನ ಹಿಂತುದಿ ಹಿಮ್ಮಡಿವರೆಗೂ ಬರಬೇಕು. ಮುಂದೆ ಸರಿದರೆ ಕಾಲು ಹಿಂದಕ್ಕೆ ವಾಲುತ್ತದೆ. ಮೆತ್ತನೆ ಹಿಮ್ಮಡಿಗೆ ಅಂಟು ತಾಗಿದರೆ ಗಟ್ಟಿಯಾದ ಮೇಲೆ ಅದೇ ಚುಚ್ಚುತ್ತದೆ. ಯಾವ ಅಂಟು ಅನ್ನುವುದನ್ನು ಮನೆಗೆ ಬಂದವರಿಗೆ ಹೇಳುತ್ತೇನೆ.

ತೋಟಕ್ಕೆ ತಂದ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಹುಣ್ಣಿಗೇ ಉದುರಿಸುವವರಿದ್ದಾರೆ. ಹಸಿ ಮಾಂಸ ಸುಟ್ಟು, ಮಾಯುವುದು ಇನ್ನೂ ತಡ. ಅದೇನಿದ್ದರೂ ಸಂದಿನ ಕೊಳೆ ಬರದಂತೆ ಕಾಲು ಅದ್ದಿಸಲಿಕ್ಕೆ: 10 ಲೀಟರಿಗೆ ಅರ್ಧ ಕಿಲೋ, ಪ್ಲಾಸ್ಟಿಕ್ ಬುಟ್ಟಿಯಲ್ಲಿ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ಜೊತೆ ಸುಣ್ಣ ಬೆರೆಸುವ ರೂಢಿಯಲ್ಲಿ ಇದಕ್ಕೂ ಸುಣ್ಣ ಹಾಕಿಬಿಟ್ಟೀರಿ ಮತ್ತೆ! ಕಾಲು ತೊಳೆದೇ ಅದ್ದಿಸಿ, ಸಗಣಿ ಸೇರಿದರೆ ಕಸುವು ಹೋಯ್ತು. ಉಳಿದ ನೀರು ಗೊಬ್ಬರಗುಂಡಿಗೆ ಬೇಡ. ವರ್ಷವರ್ಷ ಅಡಿಕೆಯ ಕೊಳೆರೋಗಕ್ಕೆ ಹೊಡೆದ ತಾಮ್ರವೇ ತೋಟದ ಮಣ್ಣಲ್ಲಿ ಸಾಕಷ್ಟಿದೆ.

ಅಡಿಕೆ ಹಾಳೆಯ ಚಪ್ಪಲಿಯನ್ನೂ ಹೊಲಿದು ನೋಡಿದೆ. ಒಣಹಾಳೆ ಗಂಟೆಯೊಳಗೆ ಸೀಳಿತು, ನೆನೆಸಿದ್ದು ಒಂದು ದಿನ ತಡೆಯಿತು. ಒಳಗೆ ಉಚ್ಚೆ ನಿಂತದ್ದು ನೋಡಿ ಬಿಟ್ಟೆ. ರಬ್ಬರ್ ಮ್ಯಾಟಿಗೆ ಎರಡೂವರೆ ಸಾವಿರದ ಆಸುಪಾಸು ಆಯ್ತು, ಅಡಿಯ ಗಲೀಜು ವಾರಕ್ಕೊಮ್ಮೆ ಎತ್ತಿ ತೊಳೆಯಲೇಬೇಕು. ಮ್ಯಾಟಿನ ಮೇಲೆ ಗೇಣು ದಪ್ಪಕ್ಕೆ ಒಣ ದರಕು (ಉದುರಿದ ಎಲೆ) ಹಾಸಿದ ಮೇಲೆ ಆಕಳು ಹೆಚ್ಚು ಹೊತ್ತು ಮಲಗತೊಡಗಿತು. ಹೊತ್ತಿಗೆ ಒಂದೂವರೆಗೆ ಇಳಿದಿದ್ದ ಹಾಲು ಮೂರು ಲೀಟರಿಗೆ ಬಂತು.

ಆರನೇ ವಾರಕ್ಕೂ ತುಂಡು ಬೀಳದಿದ್ದರೆ ನೀವೇ ಕಿತ್ತು ತೆಗೆಯಿರಿ. ಮರೆತರೆ ಒಳಗೊರಸಿಗೂ ಹುಣ್ಣು.