ತೋಟದ ಮಳೆ ಲೆಕ್ಕವನ್ನು ಎಕ್ಸೆಲ್‌ನಿಂದ ಆರ್‌ಗೆ ತಂದದ್ದು: ನನ್ನ ಅನುಭವ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಅಂದರೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ವಿರಾಜಪೇಟೆ ಕಡೆಯ ತೋಟವೊಂದರ ರೈಟರ್ (ಲೆಕ್ಕ ಬರೆಯುವವರು) ದಿನಾ ಎಕ್ಸೆಲ್‌ನಲ್ಲಿ ತುಂಬಿಸಿಟ್ಟ ಮಳೆ ಲೆಕ್ಕ ನನ್ನ ಕೈಗೆ ಬಂತು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಯಾವ ವರ್ಷ ಯಾವಾಗ ಬಿತ್ತು ಅನ್ನೋದರ ಗ್ರಾಫ್ ಮಾಲೀಕರಿಗೆ ಬೇಕಿತ್ತು. ಅದಕ್ಕೆ ಆ ಲೆಕ್ಕವನ್ನು ಆರ್‌ಗೆ, ಅಂದರೆ ಅಂಕಿಅಂಶದ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆಗೆ, ತಂದೆ.

ಆರ್‌ನಲ್ಲಿ ಎಕ್ಸೆಲ್ ಫೈಲ್ ಓದುವ ರೀಡ್ಎಕ್ಸ್ಎಲ್ ಪ್ಯಾಕೇಜಿಗೆ ನಾವು ಏನೂ ಹೇಳದಿದ್ದರೆ, ಅದು ಮೊದಲ 1000 ಸಾಲು ನೋಡಿ ಯಾವ ಕಾಲಮ್ಮಿನಲ್ಲಿ ಏನಿದೆ ಅಂತ ತಾನೇ ಊಹಿಸುತ್ತದೆ. ದಿನಕ್ಕೊಂದು ಸಾಲು ಅಂದರೆ ಅದು ಮೂರು ವರ್ಷಕ್ಕೂ ಕಮ್ಮಿ. ಅಷ್ಟೂ ದಿನ ಷರಾ ಕಾಲಂ ಖಾಲಿ ಇತ್ತು. ಹಾಗಾಗಿ ಅದನ್ನು ಲಾಜಿಕಲ್ (ಹೌದು/ಅಲ್ಲ ಮಾತ್ರ ಇರುವ ಕಾಲಂ) ಅಂದುಕೊಂಡು, ಮುಂದೆ ಬರೆದಿದ್ದ 'ಆಲಿಕಲ್ಲು', 'ಹೂಮಳೆ' ಎಲ್ಲವನ್ನೂ ಎನ್ಎ, ಅಂದರೆ 'ಮಾಹಿತಿ ಇಲ್ಲ', ಮಾಡಿಬಿಟ್ಟಿತು. ಊಹೆಗೆ ಎಷ್ಟು ಸಾಲು ನೋಡಬೇಕು ಅನ್ನುವ ಗೆಸ್ ಮ್ಯಾಕ್ಸ್ ಜಾಸ್ತಿ ಮಾಡಿದರೆ ಇದು ಸರಿಹೋಗುತ್ತದೆ, ಆದರೂ ಊಹೆ ಊಹೆಯೇ ಅಲ್ವಾ? ನಾನು ಕಾಲಮ್ಮಿನ ಬಗೆ ಹೇಳುವ ಕಾಲ್ ಟೈಪ್ಸ್‌ಗೆ 'ಟೆಕ್ಸ್ಟ್' ಅಂತ ಒಂದೇ ಮಾತು ಕೊಟ್ಟು ಎಲ್ಲ ಕಾಲಮ್ಮನ್ನೂ ಅಕ್ಷರವಾಗಿಯೇ ಓದಿಸುತ್ತೇನೆ, ಆಮೇಲೆ ಒಂದೊಂದಾಗಿ ಬದಲಿಸುತ್ತೇನೆ.

ತಾರೀಖಿನದ್ದೇ ದೊಡ್ಡ ಕಥೆ. ಕೆಲವು ಸಾಲಲ್ಲಿ 13/07/2023 ಅಂತ ಇದೆ, ಕೆಲವದರಲ್ಲಿ 45084 ಅಂತ ಬರೀ ಅಂಕಿ. ಆ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿತ್ತು, ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ರೈಟರ್ ಜುಲೈ 6 ಅಂತ 06/07/2023 ಹೊಡೆದರೆ ಎಕ್ಸೆಲ್ ಅದನ್ನು ಜೂನ್ 7 ಅಂತ ತಿಳಿದು 45084 ಮಾಡಿಕೊಂಡಿತ್ತು; ತಾರೀಖನ್ನು ಅದು ಒಳಗೆ ದಿನಗಳ ಎಣಿಕೆಯಾಗಿ ಇಡುತ್ತದೆ. 13ನೇ ತಿಂಗಳು ಇಲ್ಲವಲ್ಲ, ಹಾಗಾಗಿ 13ರಿಂದ ಮುಂದಿನದ್ದನ್ನೆಲ್ಲ ಸುಮ್ನೆ ಅಕ್ಷರವಾಗಿ ಬಿಟ್ಟಿತ್ತು. ಅಂದರೆ ಜುಲೈನ ಮೊದಲ 12 ದಿನದ ಮಳೆ ವರ್ಷದ 12 ತಿಂಗಳ 7ನೇ ತಾರೀಖಿಗೆ ಹಂಚಿಹೋಗಿತ್ತು. ಜನವರಿಯಲ್ಲಿ ಅಂಥ ಮಳೆ ಕಂಡರೆ ಇಲ್ಲಿಯ ಯಾರೂ ಆ ಗ್ರಾಫ್ ನಂಬೋದಿಲ್ಲ. ಬರೀ ಅಂಕಿ ಇದ್ದ ಸಾಲುಗಳನ್ನು ಬೇರೆ ಮಾಡಿ, 1899-12-30 ಅನ್ನು ಮೂಲ ದಿನವಾಗಿ ಕೊಟ್ಟು ತಾರೀಖು ಮಾಡಿ, ದಿನ ತಿಂಗಳು ಅದಲುಬದಲು ಮಾಡಿದೆ. ಅದಕ್ಕೂ ಮೊದಲು ಒಂದನ್ನು ನೋಡಿಕೊಳ್ಳಬೇಕು: ಹಾಗೆ ಬಂದ ತಾರೀಖುಗಳಲ್ಲಿ ದಿನ 12 ದಾಟಿದ್ದು ಇದ್ದರೆ ಸೆಟ್ಟಿಂಗ್ ನಡುವೆ ಎಲ್ಲೋ ಬದಲಾಗಿದೆ ಅಂತ ಅರ್ಥ, ಆಗ ಕಣ್ಣು ಮುಚ್ಚಿ ಅದಲುಬದಲು ಮಾಡುವಂತಿಲ್ಲ. ಉಳಿದ ಅಕ್ಷರದ ತಾರೀಖುಗಳಿಗೆ ಲೂಬ್ರಿಡೇಟ್ ಪ್ಯಾಕೇಜಿನ ಡಿಎಂವೈ (ದಿನ-ತಿಂಗಳು-ವರ್ಷ ಕ್ರಮದಲ್ಲಿ ಓದುವ ಫಂಕ್ಷನ್) ಸಾಕು.

ಮಳೆಯ ಕಾಲಮ್ಮಿಗೆ, ಅಕ್ಷರದೊಳಗಿನ ಅಂಕಿ ತೆಗೆಯುವ ಪಾರ್ಸ್ ನಂಬರ್ ಫಂಕ್ಷನ್ ಹಾಕಬೇಡಿ. 2"35 (ಎರಡು ಇಂಚು ಮೂವತ್ತೈದು ಸೆಂಟು) ಅಂತ ಇದ್ದರೆ ಅದು ಮೊದಲ 2 ತಗೊಂಡು ಉಳಿದದ್ದನ್ನು ಸದ್ದಿಲ್ಲದೆ ಬಿಡುತ್ತದೆ. ನಾನು ಆ ಗುರುತಿನ ಹತ್ತಿರ ಒಡೆದು, ಸೆಂಟನ್ನು ನೂರರಿಂದ ಭಾಗಿಸಿ ಇಂಚಿಗೆ ಕೂಡಿಸಿದೆ. ಮಿಲಿಮೀಟರ್ ಬೇಕಾದರೆ 25.4ರಿಂದ ಗುಣಿಸಿದರಾಯಿತು. ಅಡ್ಡಗೆರೆ ಹಾಕಿದ್ದರೆ ಮಳೆ ಇಲ್ಲ, ಅದು ಸೊನ್ನೆ. ಖಾಲಿ ಬಿಟ್ಟಿದ್ದರೆ ಅಳೆದೇ ಇಲ್ಲ, ಅದು ಎನ್ಎ. ಎರಡನ್ನೂ ಒಂದೇ ಮಾಡಿದರೆ ತಿಂಗಳ ಸರಾಸರಿ ಕೆಡುತ್ತದೆ.

ಬದಲಿಸಿದ ಮೇಲೆ, ಮೊದಲು ಏನೋ ಇದ್ದು ಈಗ ಎನ್ಎ ಆದ ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿ ನೋಡಿದೆ. ಸೊನ್ನೆಯ ಬದಲು ಇಂಗ್ಲಿಷ್ ಓ ಹೊಡೆದದ್ದೆಲ್ಲ ಅಲ್ಲೇ ಸಿಕ್ಕಿತು. ಆದರೆ ಬರೀ 2.5 ಅಂತ ಇದ್ದರೆ ಅದು ಎರಡೂವರೆ ಇಂಚೋ, ಎರಡು ಇಂಚು ಐದು ಸೆಂಟೋ ಅಂತ ಯಾವ ಫಂಕ್ಷನ್ನೂ ಹೇಳೋದಿಲ್ಲ. ಅಂಥವನ್ನು ಬೇರೆ ಶೀಟಿಗೆ ಹಾಕಿ ರೈಟರ್‌ಗೆ ಕಳಿಸಿದೆ, ಅವರು ಮಳೆ ಪುಸ್ತಕ ತೆಗೆದು ನೋಡಿ ತುಂಬಿಸಿಕೊಟ್ಟರು.