ಯುವಿಯೈಟಿಸ್ ಇದ್ದವರ ಊಟದ ತಟ್ಟೆ ಹೇಗಿರಬೇಕು?

ಕಣ್ಣು ಕೆಂಪಾಗಿ ನೋಯುತ್ತಿದೆ, ಬೆಳಕು ಚುಚ್ಚುತ್ತದೆ, ದೃಷ್ಟಿ ಮಂಜಾಗಿದೆ, ಆದರೆ ಗೀಜು ಮಾತ್ರ ಇಲ್ಲ. ಇದನ್ನು ‘ಮದ್ರಾಸ್ ಐ’ ಎಂದುಕೊಂಡು ಮನೆಯಲ್ಲೇ ಕೂರಬೇಡಿ. ಕಣ್ಣಿನ ಒಳಗಿನ ಉರಿಯೂತ, ಅಂದರೆ ಯುವಿಯೈಟಿಸ್ ಆಗಿರಬಹುದು. ಯಾವ ಊಟವೂ ಅದನ್ನು ವಾಸಿ ಮಾಡದು, ನೇತ್ರತಜ್ಞರೇ ಮದ್ದು ಕೊಡಬೇಕು. ಊಟದ ಕೆಲಸ ಬೇರೆ: ಉರಿಯೂತ ತಗ್ಗಿಸಲು ಹಲವರು ವಾರಗಟ್ಟಲೆ ನುಂಗಬೇಕಾದ ಸ್ಟಿರಾಯ್ಡ್ ಮಾತ್ರೆ ಮೂಳೆ, ಸಕ್ಕರೆ, ಬಿಪಿಯನ್ನು ಕೆಡಿಸದಂತೆ ಕಾಯುವುದು.

ಮೊದಲು ಬೆಳಗಿನ ತಿಂಡಿ. ಸ್ಟಿರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ, ತಿಂಡಿಯ ನಂತರ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ಉರಿಯುತ್ತದೆ, ರಾತ್ರಿ ನುಂಗಿದರೆ ನಿದ್ದೆ ಹಾರುತ್ತದೆ.

ಎರಡನೆಯದು ಸುಣ್ಣದಂಶ. ಸ್ಟಿರಾಯ್ಡ್ ಮೂಳೆ ಸವೆಸುತ್ತದೆ. ನಮ್ಮ ಪುಣ್ಯಕ್ಕೆ ರಾಗಿ ಇದೆ! 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮಧ್ಯಾಹ್ನ ಮುದ್ದೆ, ಜೊತೆಗೆ ಸೊಪ್ಪಿನ ಹುಳಿ, ಒಂದು ಲೋಟ ಮಜ್ಜಿಗೆ, ಆಗಾಗ ಎಳ್ಳಿನ ಚಟ್ನಿ. ವಿಟಮಿನ್ ಡಿ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ.

ಮೂರನೆಯದೇ ಕಷ್ಟದ್ದು: ಉಪ್ಪು ಮತ್ತು ಸಿಹಿ. ಈ ಮಾತ್ರೆ ವಿಪರೀತ ಹಸಿವು ತರುತ್ತದೆ, ಕೈ ತಾನಾಗಿ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ. ಡಬ್ಬದ ಜಾಗದಲ್ಲಿ ಹೆಸರುಕಾಳಿನ ಉಸಲಿ, ಸೌತೆಕಾಯಿ, ಬೇಯಿಸಿದ ಮೊಟ್ಟೆ ಇಡಿ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ರಕ್ತದ ಸಕ್ಕರೆಗೆ ವ್ಯತ್ಯಾಸವೇನೂ ತಿಳಿಯದು. ಉಪ್ಪು ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ದಾಟದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕರಾವಳಿಯವರಾದರೆ ಒಣಮೀನು ಕೂಡ ಈ ಲೆಕ್ಕದಲ್ಲೇ ಬರುತ್ತವೆ. ಹಸಿ ಬೂತಾಯಿ, ಬಂಗುಡೆಯ ಸಾರು ಧಾರಾಳವಾಗಿ ತಿನ್ನಬಹುದು, ಒಳ್ಳೆಯ ಕೊಬ್ಬಿರುವ ಮೀನುಗಳವು.

ಮನೆಯ ಹಿರಿಯರು ‘ನಂಜು’ ಎಂದು ಬದನೆಕಾಯಿ, ಮೊಟ್ಟೆ, ಬೇಳೆ ಎಲ್ಲವನ್ನೂ ಬಿಡಿಸಿ ಬರೀ ಅನ್ನ, ತಿಳಿಸಾರಿನ ಪಥ್ಯ ಹಿಡಿಸುವುದುಂಟು. ಅವರ ಕಾಳಜಿ ನಿಜ, ಪಥ್ಯ ಮಾತ್ರ ತಪ್ಪು. ಸ್ಟಿರಾಯ್ಡ್ ಸ್ನಾಯುಗಳನ್ನು ಕರಗಿಸುವ ಹೊತ್ತಿನಲ್ಲಿ ಪ್ರೋಟೀನ್ ಕಿತ್ತುಕೊಂಡು ಅನ್ನ ಹೆಚ್ಚಿಸಿದಂತಾಗುತ್ತದೆ. ಅರಿಸಿನ ಅಡುಗೆಯಲ್ಲಿರಲಿ, ಮಾತ್ರೆಯ ಬದಲಿಗೆ ಬೇಡ. ಕಣ್ಣಿಗಂತೂ ಜೇನು, ಹರಳೆಣ್ಣೆ, ಎದೆಹಾಲು ಯಾವುದನ್ನೂ ಬಿಡಬೇಡಿ. ಸಿಗರೇಟು ಸೇದುವವರು ಈಗಲೇ ಬಿಡಬೇಕು, ಅದು ಉರಿಯೂತವನ್ನು ಹೆಚ್ಚಿಸುತ್ತದೆ.

ಕೆಲವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವೂ ಇರುತ್ತದೆ. ಅಂಥವರು ಕಾಯಿಸದ ಹಾಲು, ಅರೆಬೆಂದ ಮೊಟ್ಟೆ, ಬೀದಿಬದಿಯ ಹೆಚ್ಚಿಟ್ಟ ಹಣ್ಣು ಮುಟ್ಟಬಾರದು. ಆ ಔಷಧ ಮೆಥೋಟ್ರೆಕ್ಸೇಟ್ ಆಗಿದ್ದರೆ ಮದ್ಯ ಬೇಡ. ಸೈಕ್ಲೋಸ್ಪೊರಿನ್ ಆಗಿದ್ದರೆ ನಮ್ಮ ದೇವನಹಳ್ಳಿ ಚಕ್ಕೋತವೂ ಬೇಡ, ಅದು ರಕ್ತದಲ್ಲಿ ಔಷಧದ ಮಟ್ಟ ಏರಿಸುತ್ತದೆ.

ಮುಖ ಊದಿತು, ತೂಕ ಏರಿತು ಎಂದು ಹೆದರಿ ಸ್ಟಿರಾಯ್ಡನ್ನು ದಿಢೀರನೆ ನಿಲ್ಲಿಸಬೇಡಿ. ಎಷ್ಟು ದಿನಕ್ಕೆ ಎಷ್ಟು ಇಳಿಸಬೇಕೆಂದು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿಡಿ.