ಕೆಳಗೆ ಗಿರಣಿ, ಮೇಲೆ ಮನೆ: ಪ್ಯಾನಲ್ ಬೋರ್ಡಿಗೆ ರಕ್ಷಣಾ ಉಪಕರಣಗಳನ್ನು ಆರಿಸುವ ಬಗೆ

ದಾವಣಗೆರೆಯ ಹಳೆಯ ಪೇಟೆಯ ಓಣಿಗಳಲ್ಲಿ ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಮನೆ ಇರುವಂತಹ ಕಟ್ಟಡಕ್ಕೆ ಹೊಸದಾಗಿ ಪ್ಯಾನಲ್ ಬೋರ್ಡ್ ಮಾಡಿಸಲು ಹೊರಟವರಿಗೆ ಅಂಗಡಿಯಲ್ಲಿಯೇ ಮೊದಲ ತೊಡಕು ಎದುರಾಗುತ್ತದೆ. ತಂತಿಯನ್ನು ಕಾಯುವ ಎಂಸಿಬಿ, ಕೈಯಿಂದ ಕರೆಂಟು ತೆಗೆಯುವ ಐಸೊಲೇಟರ್, ಕರೆಂಟಿನ ಸೋರಿಕೆ ಹಿಡಿಯುವ ಆರ್‌ಸಿಸಿಬಿಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ತಂತಿ ಜೋಡಿಸುವ ಕೆಲಸವನ್ನು ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಆದರೆ ಏನನ್ನು ಕೊಳ್ಳಬೇಕು, ಕೆಲಸ ಮುಗಿದ ಮೇಲೆ ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದು ಮಾಲೀಕರಿಗೂ ಗೊತ್ತಿರಬೇಕು.

ಆಯ್ಕೆಯನ್ನು ತಂತಿಯಿಂದ ಆರಂಭಿಸಬೇಕು. ಎಂಸಿಬಿ ಇರುವುದು ಗೀಸರನ್ನೋ ಫ್ರಿಜ್ಜನ್ನೋ ಕಾಯುವುದಕ್ಕಲ್ಲ, ಗೋಡೆಯೊಳಗಿನ ತಂತಿ ಕಾದು ಅದರ ಹೊದಿಕೆ ಕರಗದಂತೆ ನೋಡಿಕೊಳ್ಳುವುದಕ್ಕೆ. ಆದ್ದರಿಂದ ಎಂಸಿಬಿಯ ಆಂಪಿಯರ್, ಆ ದಾರಿಯಲ್ಲಿ (ಸರ್ಕಿಟ್ಟಿನಲ್ಲಿ) ಹರಿಯುವ ಕರೆಂಟಿಗಿಂತ ಹೆಚ್ಚಾಗಿಯೂ ತಂತಿ ತಡೆದುಕೊಳ್ಳಬಲ್ಲ ಕರೆಂಟಿಗಿಂತ ಕಡಿಮೆಯಾಗಿಯೂ ಇರಬೇಕು. 2 ಕಿಲೋವ್ಯಾಟ್‌ನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದಕ್ಕೆ 2.5 ಚದರ ಮಿಲಿಮೀಟರ್‌ನ ತಾಮ್ರದ ತಂತಿಯೂ 16 ಆಂಪಿಯರ್‌ನ ಎಂಸಿಬಿಯೂ ಸಾಕು. ಎಂಸಿಬಿ ಪದೇಪದೇ ಬೀಳುತ್ತದೆ (ಟ್ರಿಪ್ ಆಗುತ್ತದೆ) ಎಂಬ ಕಾರಣಕ್ಕೆ ತಂತಿಯನ್ನು ಹಾಗೆಯೇ ಉಳಿಸಿ 32 ಆಂಪಿಯರ್‌ನದನ್ನು ಕೂರಿಸುವುದೆಂದರೆ, ಹಿಂದೆ ಕಿಟ್‌ಕ್ಯಾಟ್ ಫ್ಯೂಸಿಗೆ ಫ್ಯೂಸ್ ವೈರಿನ ಬದಲು ಹಳೆಯ ವೈರಿನ ನಾಲ್ಕಾರು ಎಳೆಗಳನ್ನು ಸುತ್ತುತ್ತಿದ್ದ ಚಾಳಿಯನ್ನೇ ಹೊಸ ಪೆಟ್ಟಿಗೆಯಲ್ಲಿ ಮುಂದುವರಿಸಿದಂತೆ.

ಆಂಪಿಯರ್‌ನ ಅಂಕಿಗೆ ಮುಂಚೆ ಇರುವ ಅಕ್ಷರವನ್ನೂ (ಸಿ16 ಎಂಬಲ್ಲಿನ ಸಿ) ಗಮನಿಸಬೇಕು. ಶಾರ್ಟ್ ಸರ್ಕಿಟ್ ಆದಾಗ ತಕ್ಷಣ ಬೀಳುವ ಮಿತಿ ಬಿ ಬಗೆಯಲ್ಲಿ ನಮೂದಿತ ಕರೆಂಟಿನ 3ರಿಂದ 5 ಪಟ್ಟು, ಸಿ ಬಗೆಯಲ್ಲಿ 5ರಿಂದ 10 ಪಟ್ಟು, ಡಿ ಬಗೆಯಲ್ಲಿ 10ರಿಂದ 20 ಪಟ್ಟು. ಮನೆಗೆ ಸಾಮಾನ್ಯವಾಗಿ ಸಿ ಹೊಂದುತ್ತದೆ, ಮೋಟಾರಿನ ದಾರಿಗೆ ಡಿ. ಮಿತಿಮೀರಿದ ಹೊರೆಯ ವಿಷಯದಲ್ಲಿ ಮಾತ್ರ ಎಂಸಿಬಿ ನಿಧಾನಿ: 16 ಆಂಪಿಯರ್‌ನ ಎಂಸಿಬಿ 18 ಆಂಪಿಯರನ್ನು ಒಂದು ಗಂಟೆ ಹೊತ್ತರೂ ಬೀಳಬಾರದು, 1.45 ಪಟ್ಟು, ಅಂದರೆ 23.2 ಆಂಪಿಯರ್ ಆದಾಗ ಒಂದು ಗಂಟೆಯೊಳಗೆ ಬೀಳಲೇಬೇಕು ಎಂಬುದು ಅದರ ಮಾನದಂಡ. ಈ 23.2ನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಈ ಲೆಕ್ಕವೆಲ್ಲ 30 ಡಿಗ್ರಿ ಉಷ್ಣತೆಯದು. ಏಪ್ರಿಲ್ ತಿಂಗಳಿನಲ್ಲಿ ತಗಡಿನ ಸೂರಿನ ಕೆಳಗಿರುವ ಪ್ಯಾನಲಿನ ಒಳಗಿನ ಬಿಸಿ ಅದಕ್ಕಿಂತ ಬಹಳ ಹೆಚ್ಚಿರುವುದರಿಂದ ಎಂಸಿಬಿ ಹೇಳಿದ್ದಕ್ಕಿಂತ ಮೊದಲೇ ಬೀಳಬಹುದು. ಆಗ ಪ್ಯಾನಲನ್ನು ನೆರಳಿನ ಗೋಡೆಗೆ ಸರಿಸುವುದು, ಒಳಗೆ ಎಂಸಿಬಿಗಳ ನಡುವೆ ಜಾಗ ಬಿಡುವುದು ಸರಿಯಾದ ಕ್ರಮ.

ಎಂಸಿಬಿಯ ಮುಖದ ಮೇಲೆ ಚೌಕದೊಳಗೆ 6000 ಅಥವಾ 10000 ಎಂದು ಮುದ್ರಿಸಿರುತ್ತಾರೆ. ಅಷ್ಟು ಆಂಪಿಯರ್‌ವರೆಗಿನ ಶಾರ್ಟ್ ಸರ್ಕಿಟ್ಟನ್ನು ಅದು ತಾನು ಒಡೆಯದೆ ಕತ್ತರಿಸಬಲ್ಲದು ಎಂದು ಅದರ ಅರ್ಥ. ಶೇ 4.5ರ ಇಂಪೀಡೆನ್ಸ್ (ಒಳಗಿನ ತಡೆ) ಇರುವ 100 ಕೆವಿಎ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಬುಡದಲ್ಲಿ ಈ ಕರೆಂಟು ಸುಮಾರು 3,200 ಆಂಪಿಯರ್ ಇದ್ದರೆ, 250 ಕೆವಿಎ ಟಿ.ಸಿ.ಯ ಬುಡದಲ್ಲಿ ಸುಮಾರು 8,000 ಆಗುತ್ತದೆ. ಲೈನು ಉದ್ದವಾದಷ್ಟೂ ಇಳಿಯುತ್ತದೆ. ಹೊಲದ ಮನೆಗೆ 6000 ಧಾರಾಳ. ಪೇಟೆಯಲ್ಲಿ ದೊಡ್ಡ ಟಿ.ಸಿ.ಗೆ ಅಂಟಿಕೊಂಡಂತಿರುವ ಕಟ್ಟಡಕ್ಕೆ 10000 ಕೊಳ್ಳುವುದೇ ಲೇಸು. ಗಿರಣಿಯ ಮೇನಿಗೆ ಎಂಸಿಬಿಯ ದೊಡ್ಡಣ್ಣನಾದ ಎಂಸಿಸಿಬಿಯನ್ನೋ, ದೊಡ್ಡ ಶಾರ್ಟ್ ಸರ್ಕಿಟ್ಟನ್ನೂ ಕತ್ತರಿಸಬಲ್ಲ ಎಚ್‌ಆರ್‌ಸಿ ಫ್ಯೂಸ್ ಇರುವ ಸ್ವಿಚ್ಚನ್ನೋ ಹಾಕಿಸಬಹುದು. ಐಸೊಲೇಟರಿನ ಮೇಲೆ ಈ ಚೌಕವಾಗಲಿ ಬಿ, ಸಿ, ಡಿ ಅಕ್ಷರವಾಗಲಿ ಇರುವುದಿಲ್ಲ, ಏಕೆಂದರೆ ಅದು ತಾನಾಗಿ ಎಂದೂ ಬೀಳುವುದಿಲ್ಲ. ಕೈಯಿಂದ ಕರೆಂಟು ತೆಗೆಯಲು ಮಾತ್ರ ಇರುವ ಸ್ವಿಚ್ಚು ಅದು. ಅಗ್ಗ ಎಂದು ಅದನ್ನೇ ಮೇನ್ ಎಂಸಿಬಿಯ ಜಾಗದಲ್ಲಿ ಕೂರಿಸಿದ ಬೋರ್ಡು ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ, ಕಾವಲು ಮಾತ್ರ ಇರುವುದಿಲ್ಲ.

ಇನ್ನು ಆರ್‌ಸಿಸಿಬಿ. ಇದಿಲ್ಲದೆ ನಮ್ಮ ಭಾಗದಲ್ಲಿ ಏಕೆ ನಡೆಯದು ಎಂಬುದಕ್ಕೆ ಚಳ್ಳಕೆರೆ, ಹಿರಿಯೂರು ಕಡೆಯ ಒಣ ನೆಲವೇ ಉತ್ತರ. ಭೂಸಂಪರ್ಕಕ್ಕೆ (ಅರ್ತಿಂಗಿಗೆ) ತನ್ನ ಅಂಗಳದ ಗುಂಡಿಯನ್ನೇ ನಂಬಿರುವ ಮನೆಯಲ್ಲಿ, ಬೇಸಿಗೆಯಲ್ಲಿ ಆ ಗುಂಡಿಯ ರೋಧ 10 ಓಮ್ ಇದೆ ಎಂದುಕೊಳ್ಳಿ. ಗ್ರೈಂಡರಿನ ಲೋಹದ ಮೈಗೆ ಫೇಸ್ ತಗುಲಿದರೆ ಭೂಮಿಗೆ ಹರಿಯುವ ಕರೆಂಟು 230ನ್ನು 10ರಿಂದ ಭಾಗಿಸಿದಷ್ಟು, ಅಂದರೆ ಹೆಚ್ಚೆಂದರೆ 23 ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ಒಂದು ಗಂಟೆಯೊಳಗೆ ಬೀಳಲೇಬೇಕಾದ ಮಿತಿ 23.2! ಶಾರ್ಟ್ ಸರ್ಕಿಟ್ಟಿಗೆ ಕ್ಷಣದಲ್ಲಿ ಬೀಳುವ ಅದೇ ಎಂಸಿಬಿ ಇಲ್ಲಿ ಸುಮ್ಮನಿದ್ದರೂ ತಪ್ಪು ಅದರದಲ್ಲ. ಗುಂಡಿ ಇನ್ನಷ್ಟು ಒಣಗಿ ರೋಧ 20 ಓಮ್ ಆದರೆ ಕರೆಂಟು 11.5ಕ್ಕೆ ಇಳಿದು ಎಂಸಿಬಿ ಬೀಳುವ ಮಾತೇ ಇಲ್ಲ, ಗ್ರೈಂಡರಿನ ಮೈ ಮಾತ್ರ ಮುಟ್ಟುವವರಿಗಾಗಿ ಕಾಯುತ್ತಿರುತ್ತದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿಯಾಗಿ ಹಿಂತಿರುಗುತ್ತಿದೆಯೇ ಎಂದು ತೂಗಿ ನೋಡುವ ಆರ್‌ಸಿಸಿಬಿ, 30 ಮಿಲಿಆಂಪಿಯರ್‌ನಷ್ಟು ಸೋರಿಕೆ ಕಂಡರೂ 300 ಮಿಲಿಸೆಕೆಂಡಿನೊಳಗೆ ದಾರಿ ಕಡಿಯುತ್ತದೆ. ಮನುಷ್ಯರು ಮುಟ್ಟುವ ಸಾಕೆಟ್ಟುಗಳಿಗೆ 30 ಮಿಲಿಆಂಪಿಯರ್‌ನದೇ ಬೇಕು. 100 ಅಥವಾ 300ರದು ಬೆಂಕಿ ತಡೆಗೆ, ಮೇನಿನ ಬಳಿ. ಹಾಗೆಂದು ಗುಂಡಿಯನ್ನು ಮರೆಯಬಾರದು, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವ ರೂಢಿ ಇರಲಿ.

ಆರ್‌ಸಿಸಿಬಿಯ ಮಿತಿಯೂ ತಿಳಿದಿರಲಿ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲು ಹಿಡಿದವರನ್ನು ಅದು ಉಳಿಸಲಾರದು, ಏಕೆಂದರೆ ಅಲ್ಲಿ ಸೋರಿಕೆಯೇ ಇಲ್ಲ. ಹೊರೆ ಹೆಚ್ಚಾದರೂ ಅದಕ್ಕೆ ತಿಳಿಯದು. 40 ಆಂಪಿಯರ್‌ನ ಆರ್‌ಸಿಸಿಬಿಗೆ 40 ಅಥವಾ ಅದಕ್ಕಿಂತ ಕಡಿಮೆಯ ಎಂಸಿಬಿ ಜೊತೆಗಿರಬೇಕು. ಎರಡನ್ನೂ ಒಂದರಲ್ಲೇ ಬಯಸುವವರಿಗೆ ಆರ್‌ಸಿಬಿಒ ಇದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತುವುದು ಒಳ್ಳೆಯದು, ಆದರೆ ಅದು ಉಪಕರಣದ ಒಳಗನ್ನು ಪರೀಕ್ಷಿಸುತ್ತದೆಯೇ ಹೊರತು ನಿಮ್ಮ ಅರ್ತಿಂಗನ್ನಲ್ಲ.

"ಆರ್‌ಸಿಸಿಬಿ ಹಾಕಿದರೆ ಸುಮ್ಮಸುಮ್ಮನೆ ಬೀಳುತ್ತದೆ" ಎಂಬ ದೂರಿನ ಹಿಂದೆ ಬಹುಪಾಲು ನ್ಯೂಟ್ರಲಿನ ಕಲಬೆರಕೆ ಇರುತ್ತದೆ. ಆರ್‌ಸಿಸಿಬಿ ದಾಟಿ ಬಂದ ನ್ಯೂಟ್ರಲನ್ನು ಬೇರೆ ದಾರಿಯ ನ್ಯೂಟ್ರಲಿಗಾಗಲಿ ಅರ್ತಿಗಾಗಲಿ ಎಲ್ಲಿಯೂ ಸೇರಿಸಬಾರದು. ಇನ್ವರ್ಟರ್ ಹಾಕಿಸಿದ ಮನೆಗಳಲ್ಲಿ ಈ ತಪ್ಪು ಹೆಚ್ಚು: ಫೇಸನ್ನು ಮಾತ್ರ ಇನ್ವರ್ಟರಿನಿಂದ ತಂದು ನ್ಯೂಟ್ರಲನ್ನು ಹಳೆಯ ಪಟ್ಟಿಯಲ್ಲೇ ಬಿಟ್ಟಿರುತ್ತಾರೆ. ನಮ್ಮ ಕಟ್ಟಡದಲ್ಲಿ ಗಿರಣಿಗೂ ಮನೆಗೂ ಮೀಟರು ಬೇರೆಯಾದ್ದರಿಂದ ಎರಡರ ನ್ಯೂಟ್ರಲ್ ಪಟ್ಟಿಗಳೂ ಬೇರೆಯಾಗಿಯೇ ಇರಬೇಕು. ನ್ಯೂಟ್ರಲಿಗೆ ಒಂಟಿಯಾಗಿ ಫ್ಯೂಸನ್ನೋ ಸ್ವಿಚ್ಚನ್ನೋ ಎಂದೂ ಹಾಕಬಾರದು. ಮೂರು ಫೇಸಿನ ಸರಬರಾಜಿನಲ್ಲಿ ಅದೊಂದೇ ಕಡಿದುಹೋದರೆ ಯಾವುದೋ ಫೇಸಿನ ಟಿ.ವಿ.ಗೆ 230ರ ಬದಲು 400ರ ಹತ್ತಿರದ ವೋಲ್ಟೇಜ್ ಬಂದೀತು. ಜನರೇಟರ್ ಇದ್ದರೆ, ಎರಡೂ ಮೂಲಗಳು ಒಟ್ಟಿಗೆ ಸೇರಲು ಆಸ್ಪದವೇ ಇರದ ನಾಲ್ಕು ಪೋಲಿನ (ಮೂರು ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಬದಲಿಸುವ) ಚೇಂಜ್ ಓವರ್ ಸ್ವಿಚ್ಚು ಕಡ್ಡಾಯ, ಇಲ್ಲವಾದರೆ ನಿಮ್ಮ ಜನರೇಟರಿನ ಕರೆಂಟು ಕಂಬದ ಮೇಲಿರುವ ಲೈನ್‌ಮನ್‌ನನ್ನು ಮುಟ್ಟುತ್ತದೆ.

ಗಿರಣಿಯ 10 ಎಚ್‌ಪಿ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 14.5 ಆಂಪಿಯರ್ ಎಳೆಯುತ್ತದೆ, ನೇರವಾಗಿ ಶುರುವಾದರೆ ಆರೇಳು ಪಟ್ಟು. ಇದಕ್ಕೆ ಎಂಸಿಬಿ ಶಾರ್ಟ್ ಸರ್ಕಿಟ್ಟಿನ ಕಾವಲು ಮಾತ್ರ. ಬೀಸುವ ಕಲ್ಲು ಸಿಕ್ಕಿಹಾಕಿಕೊಂಡು ಮೋಟಾರು ಸುಡದಂತೆ ನೋಡುವುದು ಸ್ಟಾರ್ಟರಿನ ಓವರ್‌ಲೋಡ್ ರಿಲೇ. ಅದನ್ನು ಮೋಟಾರಿನ ಹೆಸರುಪಟ್ಟಿಯ ಆಂಪಿಯರಿಗೆ ತಿರುಗಿಸಿಡಬೇಕು. ಮೋಟಾರನ್ನು ಕಡಿಮೆ ಕರೆಂಟಿನಲ್ಲಿ ಶುರು ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ವೈಂಡಿಂಗಿನ ದಾರಿಯಲ್ಲಿದ್ದರೆ 0.58ರಿಂದ ಗುಣಿಸಿ ಸುಮಾರು 8.4ಕ್ಕೆ ಇಡಬೇಕು, ಈ ಗುಣಾಕಾರ ತಪ್ಪಿದ ಸ್ಟಾರ್ಟರಿನ ರಿಲೇ ಇದ್ದೂ ಇಲ್ಲದಂತೆ. ಒಂದು ಫೇಸು ಹೋದಾಗ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರನ್ನೂ ಸೇರಿಸಿಕೊಳ್ಳಿ. ಸ್ಟಾರ್ಟರಿನೊಳಗೆ ಮೋಟಾರಿಗೆ ಕರೆಂಟು ಕೊಟ್ಟು ತೆಗೆಯುವ ಕಾಂಟ್ಯಾಕ್ಟರ್ ಕೊಳ್ಳುವಾಗ, ಹೀಟರಿನಂತಹ ಹೊರೆಗೆ ಇರುವ ಎಸಿ-1ರ ದೊಡ್ಡ ಅಂಕಿಗೆ ಮರುಳಾಗದೆ ಮೋಟಾರಿಗೆಂದೇ ಇರುವ ಎಸಿ-3ರ ಅಂಕಿಯನ್ನು ನೋಡಬೇಕು. ಹಿಟ್ಟಿನ ಧೂಳು ಇರುವಲ್ಲಿ, ಭತ್ತದ ಹೊಟ್ಟು ಉರಿಸುವ ಮಂಡಕ್ಕಿ ಭಟ್ಟಿಯ ಮಸಿ ಬರುವಲ್ಲಿ ಧೂಳನ್ನೂ ನೀರಿನ ಸಿಡಿತವನ್ನೂ ತಡೆಯುವ ಐಪಿ54 ದರ್ಜೆಯ ಮುಚ್ಚಿದ ಪೆಟ್ಟಿಗೆಯೇ ಆಗಬೇಕು.

ಕರೆಂಟು ತೆಗೆಯುವಾಗ ಮೊದಲು ಸ್ಟಾರ್ಟರಿನಿಂದ ಮೋಟಾರು ನಿಲ್ಲಿಸಿ, ಬಳಿಕ ಎಂಸಿಬಿ, ಕೊನೆಗೆ ಐಸೊಲೇಟರ್ ಇಳಿಸಬೇಕು. ಕೊಡುವಾಗ ಇದೇ ಕ್ರಮ ಹಿಂದುಮುಂದು. ಬಿದ್ದ ಎಂಸಿಬಿಯ ಕಡ್ಡಿ ಕೆಲವದರಲ್ಲಿ ನಡುವೆ ನಿಂತಿರುತ್ತದೆ, ಅದನ್ನು ಪೂರ್ತಿ ಕೆಳಗೆ ಒತ್ತಿ ಮೇಲೆತ್ತಬೇಕು. ಮತ್ತೆ ಬಿದ್ದರೆ ಮೂರನೆಯ ಸಲ ಎತ್ತದೆ, ಆ ದಾರಿಯ ಪ್ಲಗ್ಗುಗಳನ್ನೆಲ್ಲ ಕಿತ್ತು, ಒಂದೊಂದಾಗಿ ಹಾಕುತ್ತ ಬಂದರೆ ಕೆಟ್ಟದ್ದು ತಾನಾಗಿ ಸಿಗುತ್ತದೆ. ಏನೂ ಹಾಕದೆಯೇ ಬಿದ್ದರೆ ದೋಷ ಗೋಡೆಯೊಳಗಿನ ತಂತಿಯದು, ಗುತ್ತಿಗೆದಾರರನ್ನು ಕರೆಯಬೇಕು. ದುರಸ್ತಿಗೆ ಮುನ್ನ ಐಸೊಲೇಟರಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವರೇ ಜೇಬಿನಲ್ಲಿಟ್ಟುಕೊಳ್ಳಬೇಕು. ಟೆಸ್ಟರನ್ನು ಮೊದಲು ಕರೆಂಟು ಇರುವ ಜಾಗದಲ್ಲಿ ಹಿಡಿದು ಉರಿಯುತ್ತದೆಯೇ ನೋಡಿ, ಕೆಲಸದ ಜಾಗದಲ್ಲಿ ಹಿಡಿದು, ಅನಂತರ ಪುನಃ ಕರೆಂಟು ಇರುವಲ್ಲಿ ಹಿಡಿದು ನೋಡಿದ ಮೇಲೆಯೇ ತಂತಿ ಮುಟ್ಟಬಹುದು.